ಜೂಲ ತೆಗೆದ ಗಾಡಿ

ಭಾದ್ರಪದ ಮುಗಿಯಲು ಬಂದಿತ್ತು. ಗಣಪತಿ ಕೆರೆಗೆ ಹೋಗಿಯಾಗಿತ್ತು, ಮಳೆ ಮಾತ್ರ ಇನ್ನೂ ಹೋಗಿರಲಿಲ್ಲ. ಮಧ್ಯಾಹ್ನದ ಪಾಳಿಯವರು ದೇವಕ್ಕನ ರೊಟ್ಟಿ ತಿಂದು, ಕೈ ತೊಳೆದುಕೊಂಡು ಬಸ್ಸಿಗೆ ಓಡಿದ ಮೇಲೆ ಹೆಬ್ಬಗೋಡಿಯ ನಮ್ಮ ಓಣಿಯಲ್ಲಿ ಸ್ವಲ್ಪ ಹೊತ್ತು ಯಾರ ಗದ್ದಲವೂ ಇರುವುದಿಲ್ಲ. ಆ ಹೊತ್ತಿನಲ್ಲಿ ವಸಂತಮ್ಮನವರ ಕಟ್ಟಡದ ಮುಂದೆ ಸುತ್ತ ಮುಚ್ಚಿದ ಟೆಂಪೋ ಒಂದು ಬಂದು ನಿಂತಿತು. ನಾನು ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತಿದ್ದೆ. ಆ ಕಟ್ಟಡಕ್ಕೆ ಗೇಟು ಹಾಕಿದ ದಿನದಿಂದ ನನ್ನ ಕೆಲಸ ಅದೇ.

ಟೆಂಪೋದ ಹಿಂದಿನ ಆಟೋದಿಂದ ಋಷಿಕೇಶ್ ಇಳಿದ. ಮೇಲಿನ ಮಹಡಿಯ ಬಾಡಿಗೆದಾರ, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ಒಳ್ಳೆಯ ಹುಡುಗ. ಗೇಟು ಎಷ್ಟು ಸಲ ತೆಗೆದರೂ ಅಷ್ಟೂ ಸಲ ಥ್ಯಾಂಕ್ಸ್ ಎನ್ನುತ್ತಿದ್ದ. ಟೆಂಪೋದವರು ಹಲಗೆ ಇಟ್ಟು, ಬಾಣಂತಿಯನ್ನು ಇಳಿಸುವ ಹಾಗೆ ಒಂದು ಬೈಕನ್ನು ಇಳಿಸಿದರು. ಇವನು "ನಿಧಾನ, ನಿಧಾನ" ಎನ್ನುತ್ತ ಸುತ್ತಲೂ ಕೈ ಚಾಚಿಕೊಂಡು ತಿರುಗಿದ.

"ಗಾಡಿ ಕೆಟ್ಟೈತೇನ್ರಿ ಸಾಹೇಬ್ರ?" ಎಂದು ಕೇಳಿದೆ.

"ಅಯ್ಯೋ ಇಲ್ಲ ತಾತ, ಹೊಸದು. ಇವತ್ತೇ ಡೆಲಿವರಿ."

"ಹಂಗಾದ್ರ ಓಡಿಸ್ಕೊಂಡು ಬರಬಹುದಿತ್ತಲ್ರಿ."

"ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಾ? ಯಾರಾದ್ರೂ ಗೀಚಿಬಿಟ್ರೆ?"

ಅಷ್ಟರಲ್ಲಿ ಬಸಲಿಂಗ ಹೊರಗೆ ಬಂದ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು, ಕೆಳಗಿನ ಕೋಣೆಯಲ್ಲಿ ನಮ್ಮ ಸಿಂದಗಿ ಕಡೆಯ ಹುಡುಗರೊಂದಿಗೆ ಇರುವವನು. ಬಾಯಿಗೆ ಬೀಗ ಇಲ್ಲದವನು. ಗಾಡಿಯ ಸುತ್ತ ಒಂದು ಸಲ ತಿರುಗಿ ಬಂದು ಬಹಳ ಮರ್ಯಾದೆಯಿಂದ ಕೇಳಿದ:

"ಸಾರ್, ಇದರದು ಉಳಿದದ್ದು ಇನ್ನೊಂದು ಟೆಂಪೋದಾಗ ಬರ್ತೈತೇನ್ರಿ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಗಾಡಿಗೆ ಮೈಮೇಲೆ ಏನೂ ಇರಲಿಲ್ಲ. ಎಂಜಿನ್ನು, ಪೈಪು, ವೈರು, ಕಬ್ಬಿಣದ ಎಲುಬು, ಎಲ್ಲ ಹೊರಗೆ. ಮುಂದೆ ಒಂದು ದೀಪ, ಮೇಲೆ ಬೋಗುಣಿಯಂಥ ಟ್ಯಾಂಕು, ಹಿಂದೆ ಒಬ್ಬರು ಕೂತರೆ ಪುಣ್ಯ ಎನ್ನುವಷ್ಟು ಸೀಟು.

"ಇದು ಇಷ್ಟೇ ಕಣ್ರೀ" ಎಂದ ಋಷಿಕೇಶ್. "ಸೂಪರ್‌ಬೈಕ್ ಅಂತ ಇರುತ್ತಲ್ಲ, ರೇಸಲ್ಲಿ ಓಡ್ಸೋದು. ಅದರದೇ ಎಂಜಿನ್ನು, ಅದರದೇ ಚಾಸಿ. ಮೇಲಿನ ಕವರ್ ಎಲ್ಲಾ ತೆಗೆದು, ಹ್ಯಾಂಡಲ್ ಎತ್ತರ ಮಾಡಿ, ರೋಡಿಗೆ ಅಂತ ಬಿಟ್ಟಿದ್ದಾರೆ. ನೇಕೆಡ್ ಅಂತಾರೆ ಇದಕ್ಕೆ."

"ಕವರ್ ತಗದಿದ್ದಕ್ಕ ರೇಟ್ ಏನರ ಕಡಿಮಿ ಮಾಡ್ಯಾರೇನ್ರಿ?" ಎಂದ ಬಸಲಿಂಗ.

ಋಷಿಕೇಶ್ ಟೆಂಪೋದವನನ್ನು ಮಾತಾಡಿಸಲು ಹೋದ. ಸಂಜೆಯ ಹೊತ್ತಿಗೆ ಓಣಿಯಲ್ಲೆಲ್ಲ ಸುದ್ದಿ: ಪಾಪ, ಮೇಲಿನ ಮಹಡಿಯ ಹುಡುಗನಿಗೆ ಶೋರೂಮಿನವರು ಅರ್ಧ ಗಾಡಿ ಕೊಟ್ಟು ಕಳಿಸಿದ್ದಾರೆ.

ನನಗೆ ಮಾತ್ರ ಅದು ಅಷ್ಟು ವಿಚಿತ್ರ ಎನಿಸಲಿಲ್ಲ. ನಮ್ಮೂರ ಗೌಡರು ಒಂದು ಶರ್ಯತ್ತಿನ ಎತ್ತು ಸಾಕಿದ್ದರು. ಅದಕ್ಕೆ ಮೊಟ್ಟೆ, ಬೆಣ್ಣೆ, ಹುರುಳಿ ನುಚ್ಚು. ಓಟದ ದಿನ ಬೆನ್ನ ಮೇಲೆ ಕನ್ನಡಿ ಕೂಡಿಸಿದ ಬಣ್ಣದ ಬಟ್ಟೆ ಹೊದಿಸುತ್ತಿದ್ದರು. ನಮ್ಮ ಕಡೆ ಅದಕ್ಕೆ ಜೂಲ ಎನ್ನುತ್ತಾರೆ. ಒಂದು ವರ್ಷ ಗೌಡರಿಗೆ ಏನು ತಿಳಿಯಿತೋ, ವರ್ಷಕ್ಕೊಮ್ಮೆ ಓಡುವುದಕ್ಕೆ ಇಷ್ಟು ತಿನ್ನಿಸಬೇಕೇ ಎಂದು, ಜೂಲ ತೆಗೆದು ಅದನ್ನು ಸಂತೆಯ ಬಂಡಿಗೆ ಹೂಡಿದರು. ಎತ್ತಿಗೆ ಓಡುವುದು ಬಿಟ್ಟು ಬೇರೆ ಗೊತ್ತಿಲ್ಲ, ಸಂತೆಯ ದಾರಿಯಲ್ಲಿ ಓಡಲು ಜಾಗವಿಲ್ಲ. ಬಂಡಿಗಳ ಸಾಲಿನಲ್ಲಿ ನಿಂತು ನಿಂತು ಬಾಯಿಂದ ನೊರೆ ಬಿಟ್ಟಿತು. ಆದರೂ ಗೌಡರು ಮೀಸೆ ತಿರುವಿಕೊಂಡೇ ಕೂತಿದ್ದರು. ಸಂತೆಗೆ ಹೋಗುವವರೆಲ್ಲ ನೋಡುತ್ತಿದ್ದರಲ್ಲ.

ಮಳೆ ಬಂದಾಗ ಬೈಕು ಗೇಟಿನ ಪಕ್ಕದಲ್ಲಿ ನೆನೆಯುತ್ತಿತ್ತು. ಋಷಿಕೇಶ್ ಅದಕ್ಕೊಂದು ಹೊದಿಕೆ ತಂದ. ಗಾಳಿಗೆ ಹೊದಿಕೆ ಹಾರಿ ಹೋಯಿತು. ಆಮೇಲೆ ಅವನ ಕಣ್ಣು ಮೆಟ್ಟಿಲ ಕೆಳಗಿನ ಜಾಗದ ಮೇಲೆ ಬಿತ್ತು. ಕಟ್ಟಡದಲ್ಲಿ ಸೂರಿದ್ದು ನೆರಳಿದ್ದು ಯಾರದ್ದೂ ಅಲ್ಲದಂತೆ ಕಾಣುವ ಜಾಗ ಅದೊಂದೇ.

ಅಲ್ಲಿ ದೇವಕ್ಕನ ಒಲೆ ಇತ್ತು.

ದೇವಕ್ಕನ ಒಲೆ ಆ ಕಟ್ಟಡಕ್ಕಿಂತ ಹಳೆಯದು. ಅವಳ ಗಂಡ ಇದೇ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಬಂದವನು. ಗೋಡೆ ಏಳುವ ಮೊದಲೇ ಅವಳು ಮಣ್ಣಿನ ಒಲೆ ಹೂಡಿ ಕೆಲಸದವರಿಗೆ ರೊಟ್ಟಿ ಬಡಿಯುತ್ತಿದ್ದಳು. ಗೋಡೆ ಎದ್ದವು, ಮೆಟ್ಟಿಲು ಬಂದಿತು, ಒಲೆ ಮೆಟ್ಟಿಲ ಕೆಳಗೆ ಸಿಕ್ಕಿಕೊಂಡಿತು. ಗಂಡ ಇನ್ನೊಂದು ಕಟ್ಟಡ, ಮತ್ತೊಂದು ಕಟ್ಟಡ ಎಂದು ಹೊಸೂರು ದಾಟಿ ಹೋದವನು ಅಲ್ಲಿಯೇ ಯಾವುದೋ ಸಂಸಾರ ಹೂಡಿದನಂತೆ. ದೇವಕ್ಕ ಒಲೆಯ ಹತ್ತಿರವೇ ಉಳಿದಳು. ಕಾರ್ಖಾನೆಯವರು ಬಿಸಾಡುವ ಪೆಟ್ಟಿಗೆಯ ಹಲಗೆ ಸೌದೆ, ಜೋಳ ಊರಿನಿಂದ ಬರುತ್ತಿತ್ತು. ಪಾಳಿಗೆ ಹೋಗುವವರು, ಪಾಳಿ ಮುಗಿಸಿ ಬರುವವರು ಎಲ್ಲ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ತಿನ್ನುತ್ತಿದ್ದರು. ಜಾಗಕ್ಕೆ ಅವಳು ಬಾಡಿಗೆ ಕೊಡುತ್ತಿರಲಿಲ್ಲ. ದಿನಾ ಬೆಳಕು ಹರಿಯುವ ಮೊದಲು ಕಟ್ಟಡದ ಮುಂದೆ ಗುಡಿಸಿ ನೀರು ಹಾಕುತ್ತಿದ್ದಳು. ಹಾಗೆಂದು ಯಾರೂ ಮಾತಾಡಿಕೊಂಡಿರಲಿಲ್ಲ, ನಡೆದುಬಂದಿತ್ತು.

ವಸಂತಮ್ಮ ಮೂಲ ಹೆಬ್ಬಗೋಡಿಯವರು. ಅವರ ರಾಗಿಹೊಲದ ಮೇಲೇ ಕಟ್ಟಡ ನಿಂತಿರುವುದು. ಕೆಟ್ಟ ಹೆಂಗಸಲ್ಲ. ಆದರೆ ಅವರಿಗೆ ಆ ಬೈಕು ಬಂದ ದಿನದಿಂದ ಏನೋ ಆಗಿಬಿಟ್ಟಿತು. ರಸ್ತೆಯಲ್ಲಿ ಹೋಗುವ ಹುಡುಗರು ನಿಂತು ಬೈಕಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋದಲ್ಲಿ ಇವರ ಕಟ್ಟಡವೂ ಬರುತ್ತಿತ್ತು.

"ಮುರಿಗೆಪ್ಪ, ನೋಡ್ದಾ? ಇಂಥ ಗಾಡಿ ನಿಂತಿರೋ ಮನೇಗೆ ಎಂಥೆಂಥೋರು ಬಾಡ್ಗೆಗೆ ಬತ್ತಾರೆ ಇನ್ನು" ಎಂದರು ನನಗೆ. ಆಮೇಲೆ ದೇವಕ್ಕನ ಹತ್ತಿರ ಹೋಗಿ, ಅವಳ ಮುಖ ನೋಡದೆ ಒಲೆಯ ಮುಖ ನೋಡಿ ಹೇಳಿದರು: "ದೇವಕ್ಕ, ಆಯುಧ ಪೂಜೆ ದಿವ್ಸ ಗಾಡಿ ಪೂಜೆ ಮಾಡಿ ಇಲ್ಲಿ ಒಳಗೆ ನಿಲ್ಸಾನ ಅಂತ. ಅಷ್ಟ್ರಲ್ಲಿ ಒಲೆ ಎತ್ಬುಡವ್ವ."

ದೇವಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಎಲ್ಲಿ ಇಡಲಿ ಅಮ್ಮಾರ?"

"ಎಲ್ಲಾನಾ ಇಟ್ಕೊ. ಊರು ಎಷ್ಟು ದೊಡ್ಡದಾಗೈತೆ."

ಊರು ದೊಡ್ಡದಾಗಿದ್ದು ನಿಜ. ಒಂದು ಒಲೆ ಇಡುವಷ್ಟು ಜಾಗ ಮಾತ್ರ ಅದರಲ್ಲಿ ಉಳಿದಿರಲಿಲ್ಲ. ದೇವಕ್ಕ ಮಧ್ಯಾಹ್ನ ಬಿಡುವಾದಾಗ ಸೆರಗು ಹೊದ್ದು ಹುಡುಕಿ ಬರುತ್ತಿದ್ದಳು. ಒಂದು ಕಡೆ ಹೊಗೆ ಬೇಡ ಎಂದರು, ಇನ್ನೊಂದು ಕಡೆ ರೊಟ್ಟಿ ಬಡಿಯುವ ಸದ್ದು ಬೇಡ ಎಂದರು. ಒಲೆ ಹೋದರೆ ಅವಳಿಗೆ ಅನ್ನ ಹೋದ ಹಾಗೆ. ಅದು ನಮಗೆಲ್ಲ ಗೊತ್ತಿತ್ತು, ಋಷಿಕೇಶನಿಗೂ ಗೊತ್ತಿತ್ತು. ಅವನೂ ಅಲ್ಲಿಯೇ ತಿನ್ನುತ್ತಿದ್ದವನು. ಒಂದು ದಿನ ತಟ್ಟೆ ಹಿಡಿದುಕೊಂಡೇ ಸಮಾಧಾನ ಹೇಳಲು ಕೂತ.

"ಅಕ್ಕ, ಪರ್ಸನಲ್ ಆಗಿ ತಗೋಬೇಡಿ. ನಿಮ್ಮ ರೊಟ್ಟಿ ಸಕ್ಕತ್ತಾಗಿದೆ. ಇದು ಒಳ್ಳೇ ಸ್ಟಾರ್ಟಪ್ ಐಡಿಯಾ. ಮನೆಮನೆಗೆ ಕಳಿಸೋದು, ಫೋನಲ್ಲೇ ಆರ್ಡರ್ರು. ಈಗ ಲೊಕೇಶನ್ ಅನ್ನೋದು ಮುಖ್ಯನೇ ಅಲ್ಲ."

"ಜಾಗ ಮುಖ್ಯ ಅಲ್ಲೇನ್ರಿ?"

"ಅಲ್ಲವೇ ಅಲ್ಲ."

"ಹಂಗಾದ್ರ ನಿಮ್ಮ ಗಾಡಿ ಬ್ಯಾರೆ ಕಡೆ ಇಡ್ರಲ್ಲ ಮತ್ತ."

ಋಷಿಕೇಶ್ ನಕ್ಕ. ಬಸಲಿಂಗ ಪಲ್ಯ ನೆತ್ತಿಗೇರಿ ಕೆಮ್ಮಿದ. ಋಷಿಕೇಶ್ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಈ ನಡುವೆ ಆ ಗಾಡಿಯ ಬಾಳನ್ನೂ ನಾನು ನೋಡುತ್ತಿದ್ದೆ. ಬೆಳಿಗ್ಗೆ ಋಷಿಕೇಶ್ ಜಾಕೆಟ್ಟು, ಕೈಗವಸು, ಮಂಡಿಗೆ ಚಿಪ್ಪು, ತಲೆಗೆ ಶಿರಸ್ತ್ರಾಣ ಹಾಕಿಕೊಂಡು, ಶಿರಸ್ತ್ರಾಣದ ಮೇಲೆ ಒಂದು ಸಣ್ಣ ಕ್ಯಾಮೆರಾ ಕೂರಿಸಿಕೊಂಡು ಇಳಿಯುತ್ತಿದ್ದ. ನೋಡಿದರೆ ಚಂದ್ರನ ಕಡೆ ಹೊರಟವನಂತೆ ಇದ್ದ. ಹೋಗುತ್ತಿದ್ದದ್ದು ನಮ್ಮ ಮಾಳಿಗೆಯ ಮೇಲೆ ನಿಂತರೆ ಕಾಣುವ ಆಫೀಸಿಗೆ. ಗಾಡಿ ಶುರುವಾದರೆ ಕಿಟಕಿಯ ಗಾಜು ನಡುಗುತ್ತಿದ್ದವು, ಮೇಲಿನ ಮನೆಯ ಕೂಸು ಅಳುತ್ತಿತ್ತು. ಹಾಗೆ ಗುಡುಗಿ ಹೊರಟದ್ದು ಓಣಿಯ ಮೊದಲ ಹಂಪಿನ ಹತ್ತಿರ ನಿಲ್ಲುತ್ತಿತ್ತು. ನಮ್ಮ ಓಣಿಯಲ್ಲಿ ಸ್ವಲ್ಪ ಗೌರವಸ್ಥರಾದವರೆಲ್ಲ ತಮ್ಮ ಮನೆಯ ಮುಂದೆ ಒಂದು ಹಂಪು ಹಾಕಿಸಿದ್ದಾರೆ. ಗೌರವ ಎಷ್ಟೋ ಹಂಪು ಅಷ್ಟೆತ್ತರ. ಬೈಕಿನ ಹೊಟ್ಟೆ ತಾಗದಂತೆ ಅವನು ಕಾಲು ಕೊಟ್ಟು, ಅಡ್ಡಡ್ಡ ತಿರುಗಿಸಿ, ಇರುವೆ ಹತ್ತಿದ ಹಾಗೆ ಹತ್ತಿ ಇಳಿಯುತ್ತಿದ್ದ. ಹಿಂದೆ ಸೊಪ್ಪಿನ ಗಾಡಿಯವನು ಗಂಟೆ ಹೊಡೆಯುತ್ತಿದ್ದ.

"ಸಾರ್, ಇದು ಗಂಟೆಗೆ ಎಷ್ಟು ಹೋಗ್ತೈತ್ರಿ?" ಎಂದು ಬಸಲಿಂಗ ಒಮ್ಮೆ ಕೇಳಿದ.

"ಮೂರು ಸೆಕೆಂಡಲ್ಲಿ ನೂರು ಮುಟ್ಟುತ್ತೆ ಗುರು."

"ಎಲ್ಲಿ?"

ಹೊಸೂರು ರಸ್ತೆಯ ಕೆಳಗಿನ ದಾರಿಯಲ್ಲಿ ಬಸ್ಸು, ಲಾರಿ, ಕಂಪನಿಯ ಕ್ಯಾಬುಗಳ ನಡುವೆ ಗಾಡಿ ನಿಂತೇ ಕಾಯುತ್ತಿತ್ತು. ಮೈಮೇಲೆ ಮುಚ್ಚಳ ಇಲ್ಲದ್ದರಿಂದ ಎಂಜಿನ್ನಿನ ಬಿಸಿ ಎಲ್ಲ ನೇರವಾಗಿ ಸವಾರನ ತೊಡೆಗೆ. ಸಂಜೆ ಅವನು ಕಾಲು ಅಗಲ ಮಾಡಿಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿ, ಒಲೆ ಎತ್ತಬೇಕಾದ ದೇವಕ್ಕನೇ ಲೋಳೆಸರದ ಎಲೆ ಮುರಿದು ಕೊಟ್ಟಳು. "ಹಚ್ಕೋರಿ ಸಾಹೇಬ್ರ. ನಾನೂ ದಿನಾ ಬೆಂಕಿ ಮುಂದ ಕುಂಡ್ರತೀನಿ, ನನಗ ಹಿಂಗ ಆಗಿಲ್ಲ ನೋಡ್ರಿ."

ಭಾನುವಾರ ಮಾತ್ರ ಗಾಡಿಗೆ ಓಟ. ಕೋಳಿ ಕೂಗುವ ಹೊತ್ತಿಗೆ ಅಂಥವೇ ಗಾಡಿಗಳ ನಾಲ್ಕಾರು ಹುಡುಗರು ಬಂದು ಇವನನ್ನು ಕರೆದುಕೊಂಡು ಕೃಷ್ಣಗಿರಿಯ ಕಡೆ ಹೋಗುತ್ತಿದ್ದರು. ಅಲ್ಲಿ ಇಡ್ಲಿ ತಿಂದು, ಇಡ್ಲಿಯ ಫೋಟೋ ತೆಗೆದು, ಬಿಸಿಲೇರುವ ಮೊದಲು ವಾಪಸು. ಇಡ್ಲಿ ಹೇಗಿತ್ತು ಎಂದು ನಾನು ಕೇಳಿದರೆ, "ಪರವಾಗಿಲ್ಲ ತಾತ, ರೋಡು ಸಕ್ಕತ್" ಎನ್ನುತ್ತಿದ್ದ. ಬಂದವನು ನೇರ ದೇವಕ್ಕನ ಮುಂದೆ ಕೂರುತ್ತಿದ್ದ, ಹಸಿವು ಎಂದು.

ಆಯುಧ ಪೂಜೆಯ ಹಿಂದಿನ ದಿನ ದೇವಕ್ಕ ಒಲೆ ಎತ್ತಿದಳು. ಮಣ್ಣಿನ ಒಲೆ ಎತ್ತಿದರೆ ಒಡೆಯುತ್ತದೆ, ಒಡೆಯಿತು. ತುಂಡುಗಳನ್ನು ಗಿಡದ ಬುಡಕ್ಕೆ ಹಾಕಿ, ನೆಲ ಸಾರಿಸಿ, ಹಂಚು ಮತ್ತು ಹಿಟ್ಟು ನಾದುವ ಕೊಣಮಿಗೆ ಚೀಲದಲ್ಲಿ ಕಟ್ಟಿಕೊಂಡಳು. ಚಂದಾಪುರದಲ್ಲಿ ಅವಳ ನಾದಿನಿ ಮಹಾದೇವಿಯ ಒಂದು ಕೋಣೆ ಇತ್ತು. ಸದ್ಯಕ್ಕೆ ಅಲ್ಲಿ ಇದ್ದು, ಬಸ್ ನಿಲ್ದಾಣದ ಹತ್ತಿರ ಎಲ್ಲಾದರೂ ಕೂರುತ್ತೇನೆ ಎಂದಳು.

"ಮಳಿ ಬಂದ್ರ?" ಎಂದೆ.

"ಬಂದ್ರ ರೊಟ್ಟಿ ಇಲ್ಲ ಮುತ್ಯಾ, ಅಷ್ಟ."

ಹೋಗುವಾಗ ಕಸಬರಿಗೆಯನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಅದು ಅವಳದೇ ಆಗಿತ್ತು. ಅದನ್ನು ನಾನೊಬ್ಬ ನೋಡಿದೆ, ಆದರೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಪೂಜೆಯ ದಿನ ಗಾಡಿಗೆ ಎಣ್ಣೆ ಸ್ನಾನ ಒಂದು ಬಿಟ್ಟು ಉಳಿದ ಎಲ್ಲ ಉಪಚಾರ ಆಯಿತು. ಹೂವಿನ ಹಾರ ಕಟ್ಟಲು ಮೈಮೇಲೆ ಜಾಗವಿಲ್ಲದೆ ಎಂಜಿನ್ನಿಗೇ ಸುತ್ತಿದರು. ಹ್ಯಾಂಡಲ್ಲಿನ ಎರಡೂ ಬದಿಗೆ ಬಾಳೆಕಂದು. ವಿಭೂತಿ, ಅರಿಶಿನ, ಕುಂಕುಮ. ಅಷ್ಟು ದಿನ ಬೋಳಾಗಿದ್ದ ಗಾಡಿ ಅವತ್ತು ಮರ್ಯಾದಸ್ಥರ ಮನೆಯ ಗಾಡಿಯಂತೆ ಕಂಡಿತು. ವಸಂತಮ್ಮನವರು ತಾವೇ ಮಾರ್ಕೆಟ್ಟಿಗೆ ಹೋಗಿ ಬೂದುಗುಂಬಳಕಾಯಿ ತಂದಿದ್ದರು. ಅಷ್ಟು ದೊಡ್ಡದನ್ನು ನಾನು ಹೊಲದಲ್ಲೂ ನೋಡಿರಲಿಲ್ಲ.

"ಆಟೋಗೆ ತರೋ ಅಂತಾದ್ದು ಇದ್ಕೆ ಸಾಕಾಗಾಕಿಲ್ಲ" ಎಂದರು. "ರೋಡ್ನಾಗೆ ಹೋಗೋರದ್ದೆಲ್ಲಾ ಕಣ್ಣು ಇದ್ರ ಮ್ಯಾಲೇ ಐತೆ."

ಕಾಯಿಗೆ ತೂತು ಕೊರೆದು ಕುಂಕುಮ ತುಂಬಿ, ಚಿಲ್ಲರೆ ಹಾಕಿ, ಮೇಲೆ ಕರ್ಪೂರ ಹಚ್ಚಿ ಬಸಲಿಂಗನ ಕೈಗೆ ಕೊಟ್ಟರು. ಅವನು ಗಾಡಿಗೆ ನಿವಾಳಿಸಿ ಗೇಟಿನ ಇಳಿಜಾರಿನ ಮೇಲೆ ಎತ್ತಿ ಅಪ್ಪಳಿಸಿದ. ಸದ್ದಿಗೆ ಎದುರು ಮನೆಯ ನಾಯಿ ಓಡಿಹೋಯಿತು. ಋಷಿಕೇಶ್ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ, ಓಣಿಯಲ್ಲಿ ಒಂದು ಸುತ್ತು ಹಾಕಲು ಹಂಪುಗಳ ಭಯಕ್ಕೆ ಹೋಗದೆ, ಅಲ್ಲಿಂದಲೇ ತಿರುಗಿಸಿ ಮೆಟ್ಟಿಲ ಕೆಳಗೆ ನಿಲ್ಲಿಸಿದ. ಸಾರಿಸಿದ ನೆಲದ ಮೇಲೆ ಒಲೆಯ ಕಪ್ಪು ಗುಂಡಗೆ ಇನ್ನೂ ಉಳಿದಿತ್ತು. ಗಾಡಿಯ ಸ್ಟ್ಯಾಂಡು ಸರಿಯಾಗಿ ಅದರ ಮೇಲೆ ಕೂತಿತು. ಸಂಜೆ ಅವನು ಹಬ್ಬಕ್ಕೆಂದು ಮೈಸೂರಿಗೆ ತಾಯಿಯ ಮನೆಗೆ ಹೋದ, ಬಸ್ಸಿನಲ್ಲಿ.

ಈಗ ಕುಂಬಳಕಾಯಿಯ ವಿಷಯ. ಒಡೆದ ಕಾಯಿಯೊಳಗಿನ ಚಿಲ್ಲರೆ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮಾಯವಾಯಿತು. ನಾಣ್ಯಕ್ಕೆ ದೃಷ್ಟಿ ಅಂಟುವುದಿಲ್ಲವಂತೆ. ಕಾಯಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಯಾವ ವಸ್ತುವಿನ ದೃಷ್ಟಿ ತೆಗೆದಿದೆಯೋ ಅದೆಲ್ಲ ತಿರುಳಿನಲ್ಲಿ ಕೂತಿರುತ್ತದೆ, ಮುಟ್ಟಿದವರಿಗೆ ಹತ್ತುತ್ತದೆ ಎಂದು ನಂಬಿಕೆ. ಸೈಕಲ್ಲಿನ ದೃಷ್ಟಿಯಾದರೆ ಧೈರ್ಯಸ್ಥರು ಕಾಲಲ್ಲಿ ನೂಕಿಯಾರು. ಇಷ್ಟು ದೊಡ್ಡ ಗಾಡಿಯ ದೃಷ್ಟಿ ಯಾರಿಗೆ ಬೇಕು? ಪ್ರತಿ ವರ್ಷ ಈ ಒಡೆದ ಕಾಯಿಗಳು ಬೆಳಗಾಗುವುದರಲ್ಲಿ ಎಲ್ಲಿ ಹೋಗುತ್ತಿದ್ದವು ಎಂದು ಅಲ್ಲಿಯ ತನಕ ಯಾರೂ ಯೋಚಿಸಿರಲಿಲ್ಲ.

"ಮುರಿಗೆಪ್ಪ, ಒಸಿ ಪಕ್ಕಕ್ಕೆ ತಳ್ಳು" ಎಂದರು ವಸಂತಮ್ಮ.

"ನನಗ ಮೊಮ್ಮಕ್ಕಳದಾವ್ರಿ ಅಮ್ಮಾರ" ಎಂದೆ.

"ನಂಗೂ ಅವ್ರಲ್ಲಪ್ಪ" ಎಂದು ಒಳಗೆ ಹೋದರು.

ಬೀದಿ ಗುಡಿಸುವ ಗಂಗಮ್ಮ ಹಬ್ಬದ ಮರುದಿನ ಬಂದವಳು ಎಡಗಡೆ ಗುಡಿಸಿದಳು, ಬಲಗಡೆ ಗುಡಿಸಿದಳು, ನಡುವೆ ಕಾಯಿ ಬಿಟ್ಟಳು. "ನಿಮ್ಮನೆ ದೃಷ್ಟಿ ನೀವು ಇಟ್ಕೊಳಿ. ನಮ್ಮನೇಲಿ ಇರೋದೇ ಸಾಕಾಗೈತೆ" ಎಂದಳು. ಸಣ್ಣ ಮಳೆ ಬಂತು. ಬಿಸಿಲು ಬಂತು. ಮತ್ತೆ ಮಳೆ. ತಿರುಳು ಕೊಳೆತು ಲೋಳೆಯಾಗಿ ಕುಂಕುಮದೊಂದಿಗೆ ಬೆರೆತು ಇಳಿಜಾರಿನ ತುಂಬ ಹರಡಿತು. ಕಟ್ಟಡದವರೆಲ್ಲ ಕಲಿತುಕೊಂಡರು: ಗೇಟಿನ ಕಂಬ ಹಿಡಿದು, ಎಡಗಾಲು ಕಲ್ಲಿನ ಮೇಲೆ, ಬಲಗಾಲು ಚರಂಡಿಯ ಚಪ್ಪಡಿಯ ಮೇಲೆ, ಆಮೇಲೆ ಒಂದು ಜಿಗಿತ. ಮೇಲಿನ ಮನೆಯ ಮುದುಕಿ ಕೂಡ ಚೆನ್ನಾಗಿ ಜಿಗಿಯುತ್ತಿದ್ದಳು. ಹೀಗೆ ಜಿಗಿದು ಜಿಗಿದು ಎಲ್ಲರಿಗೂ ಅದು ಅಲ್ಲಿರುವುದೇ ಮರೆತು ಹೋಯಿತು.

ಸೋಮವಾರ ಬೆಳಿಗ್ಗೆ ಋಷಿಕೇಶ್ ಮೈಸೂರಿನಿಂದ ಬಂದವನು ಹೂವು, ಬಾಳೆಕಂದು ಎಲ್ಲ ಬಿಚ್ಚಿ, ಚಂದ್ರಲೋಕದ ವೇಷ ಹಾಕಿಕೊಂಡು ಗಾಡಿ ಹೊರಗೆ ತೆಗೆದ. ನಾನು ಗೇಟು ತೆರೆದೆ. "ಥ್ಯಾಂಕ್ಸ್ ತಾತ" ಎಂದ. "ಸಾಹೇಬ್ರ, ಅಲ್ಲಿ—" ಎಂದು ನಾನು ಕೈ ಎತ್ತಿದ್ದು ನಿಜ. ಗಾಡಿಯ ಗುಡುಗಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ.

ಗಾಡಿ ಜಾರದಂತೆ ನೋಡಿಕೊಳ್ಳಲು ಅದರೊಳಗೇ ಒಂದು ಕಂಪ್ಯೂಟರ್ ಇದೆ ಎಂದು ಅವನು ಹೇಳಿದ್ದ. ಪರದೇಶದಲ್ಲಿ ಮಳೆ, ಮಂಜು, ಮರಳು ಎಲ್ಲದಕ್ಕೂ ಪರೀಕ್ಷೆ ಮಾಡಿದ್ದಾರಂತೆ. ಕುಂಬಳಕಾಯಿಗೆ ಮಾಡಿದ್ದರೋ ಇಲ್ಲವೋ. ಕೂಸು ನಡೆಯುವಷ್ಟೇ ಸಾವಕಾಶ ಇಳಿಯುತ್ತಿದ್ದ ಗಾಡಿ ಇಳಿಜಾರಿನ ನಡುವೆ ಹಿಂದಿನ ಗಾಲಿ ಪಕ್ಕಕ್ಕೆ ಬಿಟ್ಟು, ದಣಿದ ಎಮ್ಮೆ ಮಲಗಿದ ಹಾಗೆ ಎಡಕ್ಕೆ ಮಲಗಿತು. ಮಲಗಿದ್ದು ಜಾರಿತು. ಜಾರಿದ್ದು ವಸಂತಮ್ಮನವರದೇ ಹಂಪಿಗೆ ಹೋಗಿ ಬಡಿಯಿತು. ಅದು ನಮ್ಮ ಓಣಿಯಲ್ಲೇ ಎತ್ತರದ್ದು.

ಋಷಿಕೇಶನಿಗೆ ಏನೂ ಆಗಲಿಲ್ಲ. ಮೈತುಂಬ ಕವಚ ಇತ್ತಲ್ಲ, ಗುಂಡುಕಲ್ಲಿನಂತೆ ಉರುಳಿ ಎದ್ದು ಕೂತ. ಕವಚ ಇಲ್ಲದ್ದು ಗಾಡಿಗೆ. ಬಟ್ಟೆ ತೊಟ್ಟಿದ್ದರೆ ಬಟ್ಟೆ ಹರಿಯುತ್ತಿತ್ತು. ಬೋಳಾಗಿದ್ದಕ್ಕೆ ಪೆಟ್ಟು ನೇರ ಮೈಗೇ ಬಿತ್ತು. ಎಂಜಿನ್ನಿನ ಪಕ್ಕದ ಮುಚ್ಚಳ ಸೀಳಿ ಎಣ್ಣೆ ಬಳಬಳನೆ ಹರಿದು ಕುಂಕುಮದ ಲೋಳೆಯೊಂದಿಗೆ ಸೇರಿತು. ನೀರಿನ ಜಾಲರಿ ಬಗ್ಗಿತು. ಹ್ಯಾಂಡಲ್ಲು ಪಕ್ಕಕ್ಕೆ ನೋಡುತ್ತಿತ್ತು.

ಓಣಿ ಸೇರಿತು. ಒಂದೇ ಮಾತು ಎಲ್ಲರ ಬಾಯಲ್ಲಿ.

"ನಾನು ಆವತ್ತೇ ಅಂದೆ" ಎಂದರು ವಸಂತಮ್ಮ ಎದೆ ಹಿಡಿದುಕೊಂಡು. "ಕಾಯಿ ಇನ್ನೂ ದೊಡ್ಡದು ತರ್ಬೇಕಿತ್ತು. ಎಂಥ ಕಣ್ಣು ಬಿದ್ದಿತ್ತೋ ಏನೋ."

"ಎರಡು ಒಡೀಬೇಕಿತ್ತು" ಎಂದ ಎದುರು ಮನೆಯವನು.

"ಅಲ್ರೀ ಅಮ್ಮಾರ" ಎಂದ ಬಸಲಿಂಗ, "ದೃಷ್ಟಿ ಎಲ್ಲಾ ಕಾಯೊಳಗ ತುಂಬಿ ಬಾಗಿಲದಾಗ ಇಟ್ಟಿದ್ರಿ. ಸಾಹೇಬ್ರು ಅದರ ಮ್ಯಾಲ ಹತ್ತಿಸಿದ್ರು. ಅದು ತನ್ನ ಕೆಲಸ ಮಾಡೇತಿ."

"ಸುಮ್ಕಿರೋ, ನೀನೇ ವಡ್ದಿದ್ದು. ನಿನ್ ಕೈಗುಣ."

ಋಷಿಕೇಶ್ ಕ್ಯಾಮೆರಾ ತೆಗೆದು ನೋಡಿದ. ಅದರಲ್ಲಿ ಒಂದು ಕ್ಷಣ ಗೇಟು, ಒಂದು ಕ್ಷಣ ನನ್ನ ಎತ್ತಿದ ಕೈ, ಆಮೇಲೆ ಬಹಳ ಹೊತ್ತು ಆಕಾಶ ಇತ್ತು. ಅದೇ ಅವನ ಎಲ್ಲ ವಿಡಿಯೋಗಳಿಗಿಂತ ಹೆಚ್ಚು ಜನ ನೋಡಿದ್ದು ಎಂದು ಆಮೇಲೆ ಅವನೇ ಹೇಳಿದ.

ಗಾಡಿಯನ್ನು ಎಲ್ಲರೂ ಸೇರಿ ಎತ್ತಿ ಮೆಟ್ಟಿಲ ಕೆಳಗೆ ತಳ್ಳಿದರು. ಎತ್ತುವಾಗ ಇಬ್ಬರು ಜಾರಿ ಬಿದ್ದರು. ಈಗ ಇಳಿಜಾರಿನಲ್ಲಿ ಲೋಳೆಯ ಜೊತೆ ಎಣ್ಣೆ. ಮುದುಕಿಗೂ ಜಿಗಿಯಲು ಆಗದು. ಯಾರೂ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಪಾಳಿಯ ಹೊತ್ತಾಯಿತು ಎಂದು ಹುಡುಗರು ಕಾಂಪೌಂಡು ಹಾರತೊಡಗಿದರು. ವಸಂತಮ್ಮ ಗಂಗಮ್ಮನಿಗೆ ಹೇಳಿ ಕಳಿಸಿದರೆ, "ಬಿದ್ದ ಮೇಲೆ ದೃಷ್ಟಿ ಇನ್ನೂ ಜಾಸ್ತಿ ಆಗಿರುತ್ತೆ" ಎಂಬ ಉತ್ತರ ಬಂತು. ಕೊನೆಗೆ ಬಸಲಿಂಗನ ಫೋನಿನಿಂದ ವಸಂತಮ್ಮನವರೇ ಮಾತಾಡಿದರು.

"ದೇವಕ್ಕ, ಚೆನ್ನಾಗಿದ್ದೀಯೇನವ್ವ? ಒಸಿ ಬಂದು ಬಾಗ್ಲು ಗುಡ್ಸಿ ಹೋಗವ್ವ."

ದೇವಕ್ಕ ಬಂದಳು. ಚಂದಾಪುರದಲ್ಲಿ ಹಬ್ಬದ ದಿನಗಳೆಲ್ಲ ಮಳೆಗೆ ಅವಳ ಸೌದೆ ನೆನೆದು, ನಾದಿನಿಯ ಮನೆಯೊಡೆಯ ಬಾಗಿಲಲ್ಲಿ ಒಲೆ ಹಚ್ಚಬೇಡ ಎಂದು, ಹಂಚು ಚೀಲದಲ್ಲೇ ಉಳಿದಿತ್ತಂತೆ. ಮುಖ ಇಳಿದಿತ್ತು. ಆದರೆ ಗೇಟಿನ ಹೊರಗೆ ನಿಂತು ಇಳಿಜಾರು ನೋಡಿದವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ನಕ್ಕಳೋ ವಾಸನೆಗೋ ಗೊತ್ತಾಗಲಿಲ್ಲ.

"ದೃಷ್ಟಿ ಹತ್ತೂದಿಲ್ಲೇನ ನಿನಗ?" ಎಂದು ನಾನು ಮೆಲ್ಲಗೆ ಕೇಳಿದೆ.

"ನನ್ನ ಕಡೆ ಏನೈತಿ ಮುತ್ಯಾ, ದೃಷ್ಟಿ ಹತ್ತಾಕ? ಇದ್ದದ್ದೊಂದು ಒಲಿ. ಅದೂ ಒಡದಾತು."

ಕಸಬರಿಗೆಯಿಂದ ಒಂದು ಎಳೆತ ಎಳೆದಳು. ಎಣ್ಣೆ ಇನ್ನಷ್ಟು ಹರಡಿತು. ನಿಲ್ಲಿಸಿದಳು.

"ಎಣ್ಣಿ ಕಸಬರಿಗಿಗೆ ಬರೂದಿಲ್ರಿ ಅಮ್ಮಾರ. ಬೂದಿ ಬೇಕು."

"ಬೂದಿ ಎಲ್ಲೈತೆ ಈಗ?"

"ನಾ ಏನ್ ಹೇಳ್ಲಿ? ಒಲಿ ಇದ್ರ ಬೂದಿ ಇರ್ತೈತಿ."

ಕಾಂಪೌಂಡಿನ ಮೇಲೆ ಒಂದು ಕಾಲು ಹಾಕಿದ್ದ ಹುಡುಗನೂ ಹಾಗೇ ಕೂತ. ವಸಂತಮ್ಮ ಋಷಿಕೇಶನ ಮುಖ ನೋಡಿದರು, ಋಷಿಕೇಶ್ ಗಾಡಿಯ ಮುಖ ನೋಡಿದ. ಗಾಡಿ ಗೋಡೆಯ ಮುಖ ನೋಡುತ್ತಿತ್ತು.

"ಗಾಡಿ ಪಕ್ಕದಲ್ಲಿ ಜಾಗ ಇದೆ ಆಂಟಿ" ಎಂದ ಕೊನೆಗೆ. "ಹೇಗೂ ಸ್ಪೇರ್ ಪಾರ್ಟ್ ಬರೋ ತನಕ ಇದು ಎಲ್ಲೂ ಹೋಗಲ್ಲ. ಅಕ್ಕ ಇದ್ರೆ ಯಾರಾದ್ರೂ ನೋಡ್ಕೊಳ್ಳೋರು ಇದ್ದ ಹಾಗಾಗುತ್ತೆ."

"ಪಾರ್ಟ್ ಬಂದ ಮ್ಯಾಲ?" ಎಂದು ಕೇಳಿದ್ದು ದೇವಕ್ಕ. ಅವಳು ಕೇಳಿದ್ದು ಅವನನ್ನಲ್ಲ, ವಸಂತಮ್ಮನವರನ್ನು. ಕಸಬರಿಗೆ ಇನ್ನೂ ಕೈಯಲ್ಲೇ ಇತ್ತು.

ವಸಂತಮ್ಮ ಇಳಿಜಾರು ನೋಡಿದರು, ಕಾಂಪೌಂಡು ಹಾರುತ್ತಿರುವ ಬಾಡಿಗೆದಾರರನ್ನು ನೋಡಿದರು. "ಒಲೆ ಎಲ್ಲಿತ್ತೋ ಅಲ್ಲೇ ಇರ್ಲಿ. ಇನ್ನು ಆ ಮಾತು ಬ್ಯಾಡ. ಮೊದ್ಲು ಬಾಗ್ಲು ಗುಡ್ಸವ್ವ ತಾಯಿ" ಎಂದರು.

ಮೂರು ಇಟ್ಟಿಗೆ ಇಟ್ಟು ಬೆಂಕಿ ಹಚ್ಚಿದಳು. ಕಾರ್ಖಾನೆಯ ಹಲಗೆ ಉರಿದು ಬೂದಿ ಬೀಳುವ ತನಕ ಇಡೀ ಕಟ್ಟಡ ಕಾದು ನಿಂತಿತು. ಬೂದಿ ಚೆಲ್ಲಿ, ತಿಕ್ಕಿ, ಗುಡಿಸಿ, ನೀರು ಹಾಕಿದಳು. ಅದೇ ಬೆಂಕಿಯ ಮೇಲೆ ಹಂಚು ಇಟ್ಟಳು. ಪಾಳಿಗೆ ತಡವಾದವರು ಹೇಗೂ ತಡವಾಯಿತು ಎಂದು ತಿಂದೇ ಹೋದರು.

ಬಿಡಿಭಾಗ ಹಡಗಿನಲ್ಲಿ ಬರಬೇಕು ಎಂದು ಶೋರೂಮಿನವರು ಹೇಳಿದರು. ದೀಪಾವಳಿ ಹೋಯಿತು, ಹಡಗು ಬರಲಿಲ್ಲ. ಋಷಿಕೇಶ್ ಆಫೀಸಿಗೆ ನಡೆದು ಹೋಗುತ್ತಿದ್ದ. ಮೊದಲಿಗಿಂತ ಬೇಗ ಮುಟ್ಟುತ್ತೇನೆ ಎಂದು ಆಶ್ಚರ್ಯದಿಂದ ಹೇಳಿದ. ಭಾನುವಾರದ ಗೆಳೆಯರು ಗಾಯಾಳುವನ್ನು ನೋಡಲು ಬಂದು, ರೊಟ್ಟಿ ತಿಂದು, ಮುಂದಿನ ವಾರವೂ ಗಾಯಾಳುವನ್ನು ನೋಡಲು ಬಂದರು. ವಸಂತಮ್ಮ ಮನೆ ಬಾಡಿಗೆಗಿದೆ ಎಂಬ ಬೋರ್ಡಿನಲ್ಲಿ ಬೈಕಿನ ಫೋಟೋ ಹಾಕಿಸಿದ್ದರು. ಬಂದವರು ಮೆಟ್ಟಿಲ ಕೆಳಗೆ ಬಗ್ಗಿ ನೋಡಿ, "ಊಟದ ವ್ಯವಸ್ಥೆ ಇದೆಯಾ?" ಎಂದು ಕೇಳುತ್ತಿದ್ದರು.

ಬೂದಿಗೆ, ಹಿಟ್ಟಿನ ದೂಳಿಗೆ ಗಾಡಿ ಬೆಳ್ಳಗಾಗುವುದನ್ನು ನೋಡಲಾರದೆ ದೇವಕ್ಕ ತನ್ನ ಹಳೆಯ ಕೌದಿಯನ್ನು ಅದಕ್ಕೆ ಹೊದಿಸಿದಳು. ಕೆಂಪು, ಹಸಿರು, ಹಳದಿ ತುಂಡುಗಳ ಕೌದಿ. ದೂರದಿಂದ ನೋಡಿದರೆ ನಮ್ಮ ಗೌಡರ ಎತ್ತು ಮತ್ತೆ ಜೂಲ ಹೊದ್ದು ಹಟ್ಟಿಯಲ್ಲಿ ನಿಂತ ಹಾಗೆ ಇತ್ತು. ಅದರ ಮುಖದಲ್ಲೂ ಸಮಾಧಾನ ಇತ್ತು ಎಂದರೆ ಬಸಲಿಂಗ ನಗುತ್ತಾನೆ.

ಚಳಿಗಾಲದಲ್ಲಿ ಹಡಗು ಬಂತು. ಮೆಕ್ಯಾನಿಕ್ ಬಂದು ಗಾಡಿ ಸರಿ ಮಾಡಿದ. ಅಷ್ಟರಲ್ಲಿ ಋಷಿಕೇಶನಿಗೆ ಬೆಳ್ಳಂದೂರಿನ ಕಡೆ ಬೇರೆ ಕೆಲಸ ಸಿಕ್ಕಿತ್ತು. ಅಲ್ಲಿಯ ಮನೆಗೆ ನೆಲದ ಕೆಳಗೆ ಗಾಡಿ ನಿಲ್ಲಿಸುವ ಜಾಗ, ಹಂಪು ಇಲ್ಲ, ಹೊಗೆ ಇಲ್ಲ. ಕೆರೆಯ ನೊರೆ ಮಾತ್ರ ಒಮ್ಮೊಮ್ಮೆ ರಸ್ತೆಗೆ ಹಾರಿ ಬರುತ್ತದಂತೆ. ಅದು ಜಾರುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸುತ್ತ ಮುಚ್ಚಿದ ಟೆಂಪೋ ಬಂತು. ಗಾಡಿ ಹತ್ತಿಸುವಾಗ ಅವನು ಕೌದಿಯ ಅಂಚು ಹಿಡಿದುಕೊಂಡು ನಿಂತ.

"ಅಕ್ಕ, ಇದನ್ನ ಅಲ್ಲಿ ತನಕ… ಗೀಚಬಾರದಲ್ಲ, ಅದಕ್ಕೆ."

"ಒಯ್ರಿ ಸಾಹೇಬ್ರ" ಎಂದಳು ದೇವಕ್ಕ, ಕೈಯ ಹಿಟ್ಟು ಒರೆಸಿಕೊಳ್ಳದೆ. "ಮನಿಯಿಂದ ಹೋಗೋರನ್ನ ಬರೀ ಮೈಲೆ ಕಳಸಬಾರದು."

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಅವನ ಕೈಗೂ ಕೊಟ್ಟಳು. ಋಷಿಕೇಶ್ ಆಟೋ ಹತ್ತಿದ, ಗಾಡಿ ಟೆಂಪೋದಲ್ಲಿ ಹೋಯಿತು. ಹೋಗುವಾಗಲೂ ಅವನು ಗೇಟು ತೆಗೆದಿದ್ದಕ್ಕೆ ನನಗೆ ಥ್ಯಾಂಕ್ಸ್ ಎಂದ. ಅವನೂ ಗಾಡಿಯೂ ಹೋದದ್ದು ಎಳ್ಳಮಾವಾಸ್ಯೆಯ ಮರುದಿನ, ಸೋಮವಾರ.